ಕೋಣೆ ತೋರಿಸಿ ಎಂದರು

ನಮ್ಮ ಯಜಮಾನರಿಗೆ ಮೊದಲ ಸಲ ಲಕ್ವ ಹೊಡೆದದ್ದು ಕಾರ್ಖಾನೆಯಲ್ಲಿ. ತುಮಕೂರಿನ ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪ್ಲಾಸ್ಟಿಕ್ ಪೈಪು ತಯಾರಿಸುವ ಒಂದು ಸಣ್ಣ ಕಾರ್ಖಾನೆ. ಅಲ್ಲಿ ಅವರು ಶಿಫ್ಟ್ ಸೂಪರ್‌ವೈಸರ್. ಆಗ ಅವರಿಗೆ ನಲವತ್ಮೂರು. ಮಷೀನಿನ ಪಕ್ಕ ನಿಂತು ಯಾರನ್ನೋ ಬೈಯುತ್ತಿದ್ದವರ ಮಾತು ಅರ್ಧದಲ್ಲೇ ತೊದಲಿತಂತೆ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಜೊತೆಯವರು ನಕ್ಕರಂತೆ. ನಾನು ಆ ಹೊತ್ತಿಗೆ ಬೆಂಗಳೂರಿನ ಒಂದು ಚಿಕ್ಕ ಕಂಪನಿಯಲ್ಲಿ ಕೋಡ್ ಬರೆಯುತ್ತಾ ಕೂತಿದ್ದೆ. ಏಳು ವರ್ಷ ದಿನಾ ಬೆಳಗ್ಗೆ ತುಮಕೂರು ಸ್ಟೇಷನ್ನಿನಲ್ಲಿ ರೈಲು ಹತ್ತಿ ಸಂಜೆ ಅದೇ ರೈಲಿನಲ್ಲಿ ವಾಪಸು ಬರುತ್ತಿದ್ದವಳು ನಾನು. ಅವತ್ತು ಮಧ್ಯಾಹ್ನ ಸಿಕ್ಕಿದ ಬಸ್ಸು ಹತ್ತಿ ಬಂದೆ. ಆಮೇಲೆ ಬಹಳ ಕಾಲ ಆ ರೈಲು ಹತ್ತಲಿಲ್ಲ.

ಅವರ ಬಲಗಡೆ ಪೂರ್ತಿ ಹೋಗಿತ್ತು. ಮಾತೂ ಹೋಗಿತ್ತು. ಉಳಿದದ್ದು ಎರಡೇ ಸದ್ದು, ಒಂದು 'ಹೂಂ', ಇನ್ನೊಂದು 'ಬಾ'. ಆದರೆ ಬುದ್ಧಿ ಮೊದಲಿನ ಹಾಗೇ ಚುರುಕಾಗಿತ್ತು. ಟೀವಿಯಲ್ಲಿ ಸುದ್ದಿ ಓದುವವರು ತಪ್ಪು ಹೇಳಿದರೆ ಅವರ ಹುಬ್ಬು ಗಂಟಿಕ್ಕುತ್ತಿತ್ತು. ನಮಗೆ ಮಕ್ಕಳಿಲ್ಲ. ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ನಾವಿಬ್ಬರೇ. ಬೀದಿಯ ಓಡಾಟ ಕಾಣಲಿ ಅಂತ ಮಂಚವನ್ನು ಹಾಲ್‌ನ ಕಿಟಕಿಯ ಪಕ್ಕಕ್ಕೆ ತಂದು ಹಾಕಿದ್ದೆ. ಕೈಗೆ ಸಿಗುವಂತೆ ಒಂದು ಸ್ಟೀಲ್ ತಟ್ಟೆ, ಒಂದು ಚಮಚ ಇಟ್ಟಿರುತ್ತಿದ್ದೆ. ಏನಾದರೂ ಬೇಕಾದರೆ ಎಡಗೈಯಲ್ಲಿ ಚಮಚ ಹಿಡಿದು ತಟ್ಟೆಗೆ ಬಡಿಯುತ್ತಿದ್ದರು. ನಾನು ಅಡುಗೆಮನೆಯಲ್ಲಿದ್ದರೂ, ಬಚ್ಚಲಲ್ಲಿದ್ದರೂ ಓಡಿ ಬರುತ್ತಿದ್ದೆ.

ಎರಡು ವರ್ಷ ಊರಿನ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಒಬ್ಬರ ಹತ್ತಿರ ಮನೆಯಿಂದಲೇ ಕೆಲಸ ಮಾಡಿದೆ. ಹೊಸದೇನೂ ಇಲ್ಲದ ಕೆಲಸ. ಒಂದು ದಿನ ಹಳೆಯ ಸಹೋದ್ಯೋಗಿಯೊಬ್ಬಳು ಒಂದು ಜಾಹೀರಾತು ಕಳಿಸಿದಳು. ನಾನು ಹೆಸರು ಹೇಳುವುದಿಲ್ಲ. ಯಾರ ಫೋನ್ ತೆಗೆದರೂ ಅವರದೊಂದು ಆ್ಯಪ್ ಇದ್ದೇ ಇರುತ್ತದೆ, ಅಷ್ಟು ದೊಡ್ಡ ಕಂಪನಿ. ಮನೆಯಿಂದಲೇ ಕೆಲಸ, ತಿಂಗಳಿಗೆ ಎರಡು ದಿನ ಮಾತ್ರ ಬೆಂಗಳೂರಿನ ಆಫೀಸಿಗೆ ಹೋಗಬೇಕು. ಅದನ್ನು ಅವರಿಗೆ ಓದಿ ಹೇಳಿದೆ. "ನಂಗೆಲ್ಲಿ ಸಿಗುತ್ತೆ ಬಿಡ್ರೀ" ಅಂದೆ. ಅವರು ತಟ್ಟೆಗೆ ಚಮಚ ಬಡಿದರು. ಏನು ಬೇಕು ಅಂತ ಕೇಳಿದರೆ ಲ್ಯಾಪ್‌ಟಾಪ್ ಕಡೆ ಚಮಚ ತೋರಿಸಿದರು. ನಾನು ಅರ್ಜಿ ತುಂಬಿ ಮುಗಿಸುವವರೆಗೂ ಬಡಿಯುತ್ತಲೇ ಇದ್ದರು.

ಐದು ತಿಂಗಳು ಓದಿದೆ. ಆ ಕಂಪನಿಗಳ ಸಂದರ್ಶನ ಅಂದರೆ ಕೋಡ್ ಬರೆದರೆ ಸಾಲದು, ಬರೆಯುತ್ತಾ ಬಾಯಲ್ಲಿ ವಿವರಿಸಬೇಕು. ನನಗೆ ಬಾಯಿ ಕಡಿಮೆ. ಹಾಗಾಗಿ ಅವರನ್ನೇ ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಕಂಪ್ಯೂಟರಿನ ಗಂಧವಿಲ್ಲದ ಮನುಷ್ಯನಿಗೆ ಕಾರ್ಖಾನೆಯ ಲೆಕ್ಕದಲ್ಲೇ ಹೇಳಬೇಕು.

"ನೋಡಿ, ಮೊದ್ಲು ಬಂದ ಆರ್ಡರ್ ಮೊದ್ಲು ಹೋಗ್ಬೇಕು. ಆದ್ರೆ ಮಧ್ಯದಲ್ಲಿ ಒಬ್ಬ ಅರ್ಜೆಂಟ್ ಅಂತ ಬಂದ. ಅವನ್ನ ಎಲ್ಲಿ ನಿಲ್ಲಿಸ್ತೀರಾ?"

ಅರ್ಥವಾದರೆ ಅವರ ಎಡಗೈ ಹೆಬ್ಬೆರಳು ಮೇಲೇಳುತ್ತಿತ್ತು. ಅರ್ಥವಾಗದಿದ್ದರೆ ಇಲ್ಲ. ಗೊತ್ತಿಲ್ಲದ್ದನ್ನು ದೊಡ್ಡ ದೊಡ್ಡ ಪದ ಹಾಕಿ ನಾನು ತೇಲಿಸಿದರೆ ಮಾತ್ರ ಬಾಯಿಯ ಒಂದು ಕಡೆಯಿಂದ ನಗುತ್ತಿದ್ದರು. ಕಾರ್ಖಾನೆಯಲ್ಲಿ ಕಳ್ಳಬೀಳುವ ಹುಡುಗರನ್ನು ಹಿಡಿಯುತ್ತಿದ್ದ ಕಣ್ಣು ಅದು. ಮತ್ತೆ ಮೊದಲಿಂದ ಹೇಳುತ್ತಿದ್ದೆ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನಾವಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕೂತದ್ದೇ ಇರಲಿಲ್ಲ. ಆ ಐದು ತಿಂಗಳು ನಾವು ಚೆನ್ನಾಗಿದ್ದೆವು. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ಸುಳ್ಳಾಗುತ್ತದೆ.

ಆನ್‌ಲೈನ್ ಪರೀಕ್ಷೆ ಪಾಸಾದೆ. ಮೂರು ಸುತ್ತಿನ ಸಂದರ್ಶನ, ಎಲ್ಲವೂ ವಿಡಿಯೋದಲ್ಲಿ. ಇಂಟರ್‌ನೆಟ್ ಸರಿಯಾಗಿ ಬರುತ್ತಿದ್ದದ್ದು ಹಾಲ್‌ನಲ್ಲಿ ಮಾತ್ರ; ಮೇಜು ಅಲ್ಲೇ, ಮಂಚವೂ ಅಲ್ಲೇ. ಮೊದಲ ಎರಡು ಸುತ್ತಿಗೆ ಅತ್ತಿಗೆ ಬಂದಿದ್ದರು. ಅತ್ತಿಗೆ ಅಂದರೆ ನಮ್ಮ ಯಜಮಾನರ ಅಕ್ಕ. ಗುಬ್ಬಿ ತಾಲ್ಲೂಕು ಸಿ.ಎಸ್. ಪುರದಲ್ಲಿ ತೆಂಗಿನ ತೋಟ, ರಾಗಿ ಹೊಲ ನೋಡಿಕೊಂಡಿರುವವರು. ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ, ಚೀಲದಲ್ಲಿ ಎರಡು ಎಳನೀರು ಇಟ್ಟುಕೊಂಡು ಬರುತ್ತಿದ್ದರು. ತಮ್ಮನ ಪಕ್ಕ ಕೂತು, ಅವರು ಚಮಚಕ್ಕೆ ಕೈ ಹಾಕುವ ಮೊದಲೇ ಏನು ಬೇಕೋ ನೋಡಿಕೊಳ್ಳುತ್ತಿದ್ದರು. ಎರಡನೇ ಸುತ್ತು ಮುಗಿದಾಗ ನನ್ನ ರವಿಕೆ ಬೆನ್ನಿಗಂಟಿತ್ತು.

"ಆವಯ್ಯ ಒಂದ್ಸಲಾನೂ ನಗ್ಲಿಲ್ವಲ್ಲೇ" ಅಂದರು ಅತ್ತಿಗೆ. "ಏನ್ ಅಂಗ್ ಬೆವತ್ಬುಟ್ಟಿದೀಯ! ನಿನ್ನ ನೋಡಕ್ ಬಂದಿದ್ವಲ್ಲ, ಅವತ್ತೂ ಇಷ್ಟ್ ಬೆವತಿರ್ಲಿಲ್ಲ ಕಣೇ ನೀನು."

ಮಂಚದ ಮೇಲೆ ಅವರು ಹೆಬ್ಬೆರಳು ಎತ್ತಿದರು. ಮೂವರೂ ನಕ್ಕೆವು.

ಕೊನೆಯ ಸುತ್ತು ಒಂದು ಬುಧವಾರ, ಮಧ್ಯಾಹ್ನ ಎರಡು ಗಂಟೆಗೆ ಅಂತ ಗೊತ್ತಾಗಿತ್ತು. ಅತ್ತಿಗೆ ಮಧ್ಯಾಹ್ನದ ಹೊತ್ತಿಗೆ ಬಂದುಬಿಡುತ್ತೇನೆ ಅಂದಿದ್ದರು. ಅವತ್ತು ಬೆಳಗ್ಗೆ ಎಂಟೂವರೆಗೆ ಕಂಪನಿಯಿಂದ ಮೆಸೇಜ್ ಬಂತು. ಸಂದರ್ಶಕರಿಗೆ ಬೇರೆ ಕೆಲಸ ಬಂದಿದೆ, ಹತ್ತೂವರೆಗೇ ಮಾಡಬಹುದೇ, ಆಗದಿದ್ದರೆ ತಿಳಿಸಿ, ಬೇರೆ ದಿನ ನೋಡೋಣ.

ಬೇರೆ ದಿನ ಅಂತ ಅವರೇ ಹೇಳಿದ್ದರು. ನಾನು ಅದನ್ನು ಎಷ್ಟು ಸಲ ಓದಿದ್ದೇನೋ. ಬೇರೆ ದಿನ ಅಂದರೆ ಮುಗಿಯಿತು, ಅಷ್ಟರಲ್ಲಿ ಇನ್ಯಾರನ್ನೋ ತೆಗೆದುಕೊಂಡುಬಿಡುತ್ತಾರೆ ಅನ್ನಿಸಿತು. ಹತ್ತೂವರೆ ಆಗುತ್ತದೆ ಅಂತ ಉತ್ತರಿಸಿದೆ.

ನಮ್ಮ ಯಜಮಾನರು ಆ ಬೆಳಗ್ಗೆ ಒಂದೇ ಇಡ್ಲಿ ತಿಂದರು. ಎಡಗೈಯಿಂದ ಹಣೆ ಒತ್ತಿಕೊಳ್ಳುತ್ತಿದ್ದರು.

"ತಲೆ ನೋಯ್ತಿದ್ಯಾ?"

ಹೆಬ್ಬೆರಳು ಮೇಲೆದ್ದಿತು. ಮನೆಯಲ್ಲಿದ್ದ ತಲೆನೋವಿನ ಮಾತ್ರೆ ಕೊಟ್ಟೆ. ಹಾಸಿಗೆ ಸರಿ ಮಾಡಿ, ಒಗೆದ ಬನಿಯನ್ ಹಾಕಿ, ಬೆನ್ನಿಗೆ ದಿಂಬು ಕೊಟ್ಟೆ. "ಟೈಮ್ ಬದಲಾಯ್ಸಿದಾರೆ ರೀ. ಹತ್ತೂವರೆಗೆ ಶುರು, ಒಂದೂಕಾಲು ಗಂಟೆ ಇರುತ್ತೆ. ಅತ್ತಿಗೆ ಇರಲ್ಲ. ತೀರಾ ಅರ್ಜೆಂಟ್ ಇದ್ರೆ ಮಾತ್ರ ಬಡೀರಿ, ಆಯ್ತಾ? ತಡ್ಕೋತೀರಾ?"

ಹೆಬ್ಬೆರಳು ಮತ್ತೆ ಎದ್ದಿತು. ಆಮೇಲೆ 'ಬಾ' ಅಂದರು. ಹತ್ತಿರ ಹೋದೆ. ನನ್ನ ದುಪಟ್ಟಾ ಒಂದು ಕಡೆ ಜಾರಿತ್ತು. ಅದನ್ನು ಎಳೆದು ಭುಜದ ಮೇಲೆ ಸರಿ ಮಾಡಿದರು.

ಸಂದರ್ಶಕ ಮೂವತ್ತೈದರ ಒಳಗಿನ ಮನುಷ್ಯ, ಕನ್ನಡಕ, ಮೆಲುದನಿ. ಮಾತೆಲ್ಲ ಇಂಗ್ಲಿಷಿನಲ್ಲಿ. ಮೊದಲ ಅರ್ಧ ಗಂಟೆ ನನ್ನ ಹಳೆಯ ಕೆಲಸದ ಬಗ್ಗೆ ಕೇಳಿದರು. ಆಮೇಲೆ ದೊಡ್ಡ ಪ್ರಶ್ನೆ. ಬಸ್ ಟಿಕೆಟ್ ಬುಕ್ ಮಾಡುವ ವ್ಯವಸ್ಥೆಯೊಂದನ್ನು ಕಟ್ಟಬೇಕು, ಒಂದೇ ಸೀಟನ್ನು ಒಂದೇ ಕ್ಷಣದಲ್ಲಿ ಸಾವಿರ ಜನ ಒತ್ತಿದರೆ ಯಾರಿಗೆ ಕೊಡುತ್ತೀರಿ, ಉಳಿದವರಿಗೆ ಏನು ಹೇಳುತ್ತೀರಿ. ಇದನ್ನು ಮಂಚದ ಎದುರು ಕೂತು ಎಷ್ಟೋ ಸಲ ವಿವರಿಸಿದ್ದೆ. ಸ್ಕ್ರೀನಿನ ಮೇಲೆ ಚಿತ್ರ ಬರೆಯುತ್ತಾ ಹೋದೆ. ಮಾತು ತಾನಾಗಿ ಬರುತ್ತಿತ್ತು. ಸಂದರ್ಶಕರು ತಲೆಯಾಡಿಸುತ್ತಿದ್ದರು. ನನಗೆ ಖುಷಿಯಾಗುತ್ತಿತ್ತು. ಎರಡೂವರೆ ವರ್ಷದ ಮೇಲೆ ನನ್ನ ತಲೆ ಪೂರ್ತಿ ಓಡುತ್ತಿರುವುದು ನನಗೇ ಗೊತ್ತಾಗುತ್ತಿತ್ತು.

ಆಗ ತಟ್ಟೆ ಸದ್ದಾಯಿತು. ಒಂದೇ ಸಲ. ಹಿಂದೆಯೇ ಚಮಚ ನೆಲಕ್ಕೆ ಬಿದ್ದ ಸದ್ದು.

ಸ್ಕ್ರೀನಿನ ಮೂಲೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ ಹತ್ತು ನಿಮಿಷ. ನಾನು ಓರೆಗಣ್ಣಿನಲ್ಲಿ ನೋಡಿದೆ. ಅವರ ಎಡಗೈ ಮಂಚದಿಂದ ಕೆಳಗೆ ಜೋತುಬಿದ್ದಿತ್ತು. ಚಮಚ ಕೈತಪ್ಪಿದೆ, ಅಷ್ಟೇ, ಅಂದುಕೊಂಡೆ. ಅಲ್ಲ, ಹಾಗೆ ಅಂದುಕೊಳ್ಳುವುದಕ್ಕೆ ಪ್ರಯತ್ನಪಟ್ಟೆ. ಎಡಗೈ ಅವರ ಒಳ್ಳೆಯ ಕೈ. ಅದು ಹಾಗೆ ಜೋತುಬೀಳುವ ಕೈಯಲ್ಲ.

ಮಾತು ನಿಲ್ಲಿಸಲಿಲ್ಲ. ಆದರೆ ಕಣ್ಣು ಮತ್ತೆ ಮತ್ತೆ ಆ ಕಡೆ ಹೋಗುತ್ತಿತ್ತು. ಸಂದರ್ಶಕರು ಸ್ವಲ್ಪ ಹೊತ್ತು ನೋಡಿ, "ಕ್ಷಮಿಸಿ, ಒಂದು ನಿಮಿಷ" ಅಂದರು. ಆ ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ, ನೀವು ಆಗಾಗ ಪಕ್ಕಕ್ಕೆ ನೋಡುತ್ತಿದ್ದೀರಿ, ಏನೋ ಸದ್ದೂ ಕೇಳಿಸಿತು ಅಂದರು. ಈಚೆಗೆ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು, ಫೋನ್ ಇಟ್ಟುಕೊಂಡು ಉತ್ತರ ಹೇಳುವವರು ಇದ್ದಾರೆ, ತಪ್ಪು ತಿಳಿಯಬೇಡಿ, ಇದು ನಿಯಮ, ದಯವಿಟ್ಟು ಲ್ಯಾಪ್‌ಟಾಪ್ ತಿರುಗಿಸಿ ಕೋಣೆ ತೋರಿಸಿ ಎಂದರು.

ಮುಖಕ್ಕೆ ಬಿಸಿನೀರು ಎರಚಿದ ಹಾಗಾಯಿತು. ನನ್ನ ಗಂಡನಿಗೆ ಹುಷಾರಿಲ್ಲ, ಅವರು ಇಲ್ಲೇ ಮಲಗಿದ್ದಾರೆ ಅಂದೆ. ಅದು ನನ್ನ ಬಾಯಿಗೆ ನೆಪದ ಹಾಗೆ ಬಂತು. ಲ್ಯಾಪ್‌ಟಾಪ್ ಎತ್ತಿ ನಿಧಾನವಾಗಿ ತಿರುಗಿಸಿದೆ. ಅಡುಗೆಮನೆಯ ಬಾಗಿಲು, ದೇವರ ಗೂಡು, ಗೋಡೆಯ ಕ್ಯಾಲೆಂಡರ್, ಮಡಿಚಿಟ್ಟ ಗಾಲಿಕುರ್ಚಿ, ಬೆಡ್‌ಪ್ಯಾನ್, ಆಮೇಲೆ ಮಂಚ. ನಾನು ನೇರವಾಗಿ ಅವರ ಕಡೆ ನೋಡಲಿಲ್ಲ. ಆದರೆ ಕ್ಯಾಮೆರಾಕ್ಕೆ ಕಾಣುವುದು ಸ್ಕ್ರೀನಿನ ಒಂದು ಮೂಲೆಯಲ್ಲಿ ಚಿಕ್ಕದಾಗಿ ನನಗೂ ಕಾಣುತ್ತದೆ. ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಅವರು ಕಂಡರು. ಕತ್ತು ಒಂದು ಕಡೆ ವಾಲಿತ್ತು. ಬಾಯಿ ಈ ಸಲ ಎಡಕ್ಕೆ ಜೋತಿತ್ತು. ಕಣ್ಣು ತೆರೆದಿತ್ತು.

ಆಮೇಲೆ ಸಂದರ್ಶಕರು ಕನ್ನಡದಲ್ಲಿ ಮಾತಾಡಿದರು. ಗೋಡೆಯ ಮೇಲಿನ ಕನ್ನಡ ಕ್ಯಾಲೆಂಡರ್ ನೋಡಿರಬೇಕು.

"ಮೇಡಂ, ಅವ್ರು ಹುಷಾರಾಗಿದಾರಾ? ಒಂದ್ಸಲ ನೋಡ್ಬಿಡಿ. ಬೇಕಿದ್ರೆ ನಿಲ್ಲಿಸೋಣ, ಪರವಾಗಿಲ್ಲ."

ನಾನು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ವಾಪಸಿಟ್ಟೆ.

"ಅವ್ರು ಯಾವಾಗ್ಲೂ ಹಾಗೇ ಇರೋದು ಸರ್" ಅಂದೆ. "ಮುಂದುವರಿಸೋಣ."

ಅವರು ಮತ್ತೆ ಇಂಗ್ಲಿಷಿಗೆ ಹೊರಳಿ ಮುಂದಿನ ಪ್ರಶ್ನೆ ಕೇಳಿದರು. ನಾನು ಉತ್ತರ ಹೇಳಿದೆ. ಆಮೇಲೆ ಒಮ್ಮೆಯೂ ಪಕ್ಕಕ್ಕೆ ನೋಡಲಿಲ್ಲ. ಏನಾದರೂ ಕೇಳುವುದಿದೆಯೇ ಅಂದಾಗ ತಂಡದ ಬಗ್ಗೆ ಎರಡು ಪ್ರಶ್ನೆ ಕೇಳಿದೆ. ಕೇಳದಿದ್ದರೆ ಆಸಕ್ತಿ ಇಲ್ಲ ಅಂದುಕೊಳ್ಳುತ್ತಾರೆ ಅಂತ ಎಲ್ಲೋ ಓದಿದ್ದೆ. ಮುಗಿದಾಗ ಹನ್ನೊಂದೂ ನಲವತ್ತೈದು.

ಮಂಚದ ಹತ್ತಿರ ಹೋಗಿ ಕರೆದೆ. ಕಣ್ಣು ನನ್ನ ಕಡೆ ತಿರುಗಿತು. ಎಡಗೈ ಎತ್ತಿ ಬಿಟ್ಟರೆ ಹಾಗೇ ಬಿತ್ತು. ಹಾಸಿಗೆ ಒದ್ದೆಯಾಗಿತ್ತು. ಪಕ್ಕದ ಮನೆಯವರನ್ನು ಕೂಗಿದೆ. ಆಂಬುಲೆನ್ಸ್ ಬರುವವರೆಗೂ ಅವರ ಬನಿಯನ್ ಕೆಳಗೆ ಎಳೆದು ಎಳೆದು ಸರಿ ಮಾಡುತ್ತಿದ್ದೆ. ಬೇರೇನು ಮಾಡಬೇಕೋ ತೋಚಲಿಲ್ಲ.

ಅತ್ತಿಗೆ ಆಗ ಬಸ್ಸಿನಲ್ಲಿದ್ದರು. ಫೋನ್ ಮಾಡಿದ್ದಕ್ಕೆ ಸೀದಾ ಆಸ್ಪತ್ರೆಗೇ ಬಂದರು. ಡಾಕ್ಟರು ಚಿಕ್ಕ ವಯಸ್ಸಿನವರು, ಅವಸರದಲ್ಲಿದ್ದರು.

"ಎಷ್ಟೊತ್ತಿಗೆ ಶುರುವಾಯ್ತು ಇದು? ಸರಿಯಾಗಿ ಹೇಳಿ. ರಕ್ತದ ಹೆಪ್ಪು ಕರಗ್ಸೋ ಇಂಜೆಕ್ಷನ್ ಕೊಡೋದು ಬಿಡೋದು ಟೈಮ್ ಮೇಲೆ."

"ಹನ್ನೊಂದೂ ಮುಕ್ಕಾಲು" ಅಂದೆ.

ಬರೆದುಕೊಂಡು ಹೋದರು. ಯಜಮಾನರನ್ನು ಸ್ಕ್ಯಾನಿಂಗಿಗೆ ತಳ್ಳಿಕೊಂಡು ಹೋದರು. ನಾನು ಬೆಂಚಿನ ಮೇಲೆ ಕೂತೆ. ಟೈಮ್ ಮೇಲೆ ಅಂದರೆ ಏನು, ತಪ್ಪು ಹೇಳಿದರೆ ಇಂಜೆಕ್ಷನ್‌ನಿಂದಲೇ ಏನಾದರೂ ಆಗಬಹುದೇ ಅನ್ನುವುದು ಆಮೇಲೆ ತಲೆಗೆ ಬಂತು. ಎದ್ದು ಓಡಿದೆ. ಡಾಕ್ಟರು ಕಾರಿಡಾರಿನ ಕೊನೆಯಲ್ಲಿ ಸಿಕ್ಕಿದರು.

"ಸರ್, ನಾನು ತಪ್ಪು ಹೇಳ್ದೆ. ಹನ್ನೊಂದೂ ಹತ್ತಕ್ಕೆ ಶುರುವಾಗಿದ್ದು."

"ಯಾವುದಮ್ಮ ಸರಿ?"

"ಹನ್ನೊಂದೂ ಹತ್ತು. ನಾನು ನೋಡ್ದೆ."

"ನೋಡಿದ್ರಾ? ಮನೇಲಿ ಬೇರೆ ಯಾರೂ ಇರ್ಲಿಲ್ವಾ ಕರ್ಕೊಂಡ್ ಬರಕ್ಕೆ?"

"ನಾನೇ ಇದ್ದೆ."

ಅವರು ನನ್ನ ಮುಖವನ್ನು ಒಂದು ಸಲ ನೋಡಿ, ಮೊದಲು ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ಹೊಸದು ಬರೆದರು. ತಿರುಗಿದರೆ ಹಿಂದೆ ಅತ್ತಿಗೆ ನಿಂತಿದ್ದರು. ಎಳನೀರಿನ ಚೀಲ ಇನ್ನೂ ಕೈಯಲ್ಲಿತ್ತು.

ಇಂಜೆಕ್ಷನ್ ಕೊಟ್ಟರು. ಜೀವ ಉಳಿಯಿತು. ಎಡಗೈ ವಾಪಸು ಬರಲಿಲ್ಲ, ನುಂಗುವುದೂ ನಿಂತಿತು, ಮೂಗಿಗೆ ನಳಿಕೆ ಹಾಕಿದರು. ಮರುದಿನ ಡಾಕ್ಟರನ್ನು ಒಬ್ಬಳೇ ಹೋಗಿ ಕೇಳಿದೆ. "ಅರ್ಧ ಗಂಟೆ ಮುಂಚೆ ಬಂದಿದ್ರೆ?"

"ಹೇಳಕ್ಕಾಗಲ್ಲಮ್ಮ. ಬೇಗ ಬಂದಷ್ಟೂ ಒಳ್ಳೇದು ಅನ್ನೋದು ನಿಜ. ಆದ್ರೆ ಇದು ದೊಡ್ಡದಿತ್ತು. ಇವರ ವಿಷಯದಲ್ಲಿ ಏನಾಗ್ತಿತ್ತು ಅಂತ ಯಾರೂ ಹೇಳಲ್ಲ ನಿಮಗೆ."

ಅವರು ಹೇಳಿದ್ದು ಸರಿ. ಈವರೆಗೂ ಯಾರೂ ಹೇಳಿಲ್ಲ.

ಅತ್ತಿಗೆ ಎರಡು ದಿನ ಆ ವಿಷಯ ಎತ್ತಲಿಲ್ಲ. ಮೂರನೇ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಕೇಳಿದರು. ದನಿ ಎತ್ತರಿಸಲಿಲ್ಲ.

"ಅವನು ತಟ್ಟೆ ಬಡ್ದನಾ?"

"ಬಡಿದ್ರು. ಒಂದ್ಸಲ."

"ಕೇಳುಸ್ತಾ?"

"ಕೇಳುಸ್ತು ಅತ್ತಿಗೆ."

"ತಿರುಗಿ ನೋಡ್ದ್ಯಾ?"

"ನೋಡ್ದೆ."

"ನೋಡ್ಬುಟ್ಟು ಏನ್ ಮಾಡ್ದೆ?"

"ಮಾತಾಡ್ತಾ ಇದ್ದೆ."

ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದರು. ಬೈಯುತ್ತಾರೆ ಅಂತ ಕಾದೆ. ಬೈದರೆ ಸಾಕು ಅನ್ನಿಸುತ್ತಿತ್ತು.

"ನಾನು ಹಿಂದಿನ್ ದಿನವೇ ಬಂದ್ಬುಡ್ಬೇಕಿತ್ತು" ಅಂದರು. "ಕಾಯಿ ಕೀಳೋರು ಬತ್ತೀವಿ ಅಂದಿದ್ರು. ಅದ್ಕೆ ಉಳ್ಕಂಡೆ. ಅವರೂ ಬರ್ಲಿಲ್ಲ." ಅಷ್ಟು ಹೇಳಿ ಎದ್ದು ಒಳಗೆ ಹೋದರು.

ಆರನೇ ದಿನ ಅದೇ ಕಾರಿಡಾರಿನಲ್ಲಿ ನಿಂತಿದ್ದಾಗ ಕಂಪನಿಯ ಎಚ್‌ಆರ್‌ನಿಂದ ಫೋನ್ ಬಂತು. ಒಬ್ಬ ಹುಡುಗಿ, ಉತ್ಸಾಹದ ದನಿ. ಅಭಿನಂದನೆ ಹೇಳಿದಳು. ಪ್ಯಾನೆಲ್‌ನವರಿಗೆ ನೀವು ತುಂಬಾ ಇಷ್ಟವಾಗಿದ್ದೀರಿ, ಒತ್ತಡದಲ್ಲೂ ವಿಚಲಿತರಾಗದೆ ಉತ್ತರಿಸಿದಿರಿ ಅಂತ ವಿಶೇಷವಾಗಿ ಬರೆದಿದ್ದಾರೆ ಅಂದಳು. ಒಪ್ಪಿಗೆಯೇ ಅಂತ ಕೇಳಿದಳು. ಎರಡು ದಿನ ಯೋಚಿಸಿ ಹೇಳಿ ಅಂತಲೂ ಸೇರಿಸಿದಳು.

ಯೋಚನೆ ಮಾಡಲಿಲ್ಲ. ಒಪ್ಪಿಗೆ ಅಂದೆ. ಬೇಡ ಅಂದರೆ ಅವತ್ತು ಆ ಕುರ್ಚಿಯಿಂದ ಏಳದೆ ಕೂತದ್ದು ಯಾತಕ್ಕೆ? ಆಗ ನನಗೆ ತೋಚಿದ ಲೆಕ್ಕ ಅಷ್ಟೇ. ಈಗ ಯೋಚಿಸಿದರೆ, ಆ ಕೆಲಸ ನನಗೆ ಬೇಕಾಗಿತ್ತು ಅನ್ನುವುದೇ ಹೆಚ್ಚು ನಿಜ.

ಒಳಗೆ ಹೋಗಿ ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ. "ರೀ, ಕೆಲಸ ಸಿಕ್ತು." ಕಣ್ಣು ನನ್ನ ಮುಖದ ಮೇಲೆ ನಿಂತಿತು. ಅದರಲ್ಲಿ ಏನಿತ್ತೋ ಓದಲಾಗಲಿಲ್ಲ. ನಾನು ಅವರ ಎಡಗೈ ಹೆಬ್ಬೆರಳು ನೋಡುತ್ತಾ ಬಹಳ ಹೊತ್ತು ನಿಂತಿದ್ದೆ.

ಮನೆಗೆ ಕರೆತಂದ ಮೇಲೆ ಅದೇ ಹಾಲ್‌ನಲ್ಲಿ, ಅದೇ ಮೇಜಿನ ಮೇಲೆ ಹೊಸ ಕೆಲಸ ಶುರು ಮಾಡಿದೆ. ಹಗಲು ನೋಡಿಕೊಳ್ಳಲು ಒಬ್ಬ ನರ್ಸಮ್ಮ ಬರುತ್ತಿದ್ದರು. ಪ್ರತಿ ಸೋಮವಾರ ಅತ್ತಿಗೆ ಬರುತ್ತಿದ್ದರು. ತಮ್ಮನಿಗೆ ಮೈ ಒರೆಸಿ, ಹಣೆಗೆ ವಿಭೂತಿ ಹಚ್ಚಿ, ಕಾಲಿಗೆ ಎಣ್ಣೆ ತಿಕ್ಕಿ, ಊರಿನ ಸಮಾಚಾರವನ್ನೆಲ್ಲ ಹೇಳುತ್ತಿದ್ದರು. ನನ್ನ ಜೊತೆಯೂ ಮಾತಾಡುತ್ತಿದ್ದರು. ಮದ್ದು ಯಾವುದು ಮುಗೀತು, ಬೆನ್ನಿನ ಗಾಯ ಹೇಗಿದೆ. ಆದರೆ ನಮ್ಮ ಮನೆಯಲ್ಲಿ ಊಟ ಬಿಟ್ಟರು. ಬರುವಾಗಲೇ ಡಬ್ಬಿಯಲ್ಲಿ ಮುದ್ದೆ ತರುತ್ತಿದ್ದರು, ಬಾಟಲಿಯಲ್ಲಿ ನೀರೂ ತರುತ್ತಿದ್ದರು. ಮೊದಲ ದಿನ ಕಾಫಿ ಲೋಟ ಹಿಡಿದು ಹೋದೆ. "ಈಗ್ತಾನೆ ಕುಡ್ದೆ ಕಣವ್ವ" ಅಂದರು. ಎರಡನೇ ಸೋಮವಾರವೂ ಅದನ್ನೇ ಅಂದರು. ಆಮೇಲೆ ನಾನು ಕೊಡುವುದನ್ನು ಬಿಟ್ಟೆ.

ಮಧ್ಯಾಹ್ನದ ವೇಳೆ ನರ್ಸಮ್ಮ ಊಟಕ್ಕೆ ಹೋದಾಗ ನಾನು ಮಂಚದ ಪಕ್ಕ ಕೂತು, ಮೊದಲಿನ ಹಾಗೆ ಅವತ್ತಿನ ಕೆಲಸ ವಿವರಿಸುತ್ತಿದ್ದೆ. ಹೆಬ್ಬೆರಳು ಏಳುವುದಿಲ್ಲ ಅಂತ ಗೊತ್ತಿದ್ದರೂ ಹೇಳುತ್ತಿದ್ದೆ. ಒಂದು ದಿನ ಕೇಳಿಯೂಬಿಟ್ಟೆ. "ಅವತ್ತು ನಾನು ನೋಡಿದ್ದು ನಿಮಗೆ ಗೊತ್ತಾಯ್ತಾ?" ಅವರು ಕಣ್ಣು ಮುಚ್ಚಿದರು. ನಿದ್ದೆ ಬಂದಿತ್ತೋ, ಬೇಕೆಂದೇ ಮುಚ್ಚಿದರೋ. ಇನ್ನೊಮ್ಮೆ ಕೇಳುವ ಧೈರ್ಯವಾಗಲಿಲ್ಲ.

ನಾಲ್ಕು ತಿಂಗಳು ಹಾಗೆ ಕಳೆಯಿತು. ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಒಂದು ಮುಂಜಾನೆ, ನಾನು ನಳಿಕೆಯಲ್ಲಿ ಗಂಜಿ ಹಾಕಲು ಬಟ್ಟಲು ತಂದಾಗ ಉಸಿರು ನಿಂತಿತ್ತು. ಸಿ.ಎಸ್. ಪುರದ ತೋಟದ ಬದಿಯಲ್ಲಿ, ಅವರಪ್ಪನ ಪಕ್ಕದಲ್ಲೇ ಸಮಾಧಿ ಮಾಡಿದರು. ಗುಣಿಯಲ್ಲಿ ಕೂರಿಸಿ ವಿಭೂತಿ, ಉಪ್ಪು ತುಂಬುವಾಗ ನಾನು ದೂರದಲ್ಲಿ ನಿಂತಿದ್ದೆ. ಅತ್ತಿಗೆ ಬಂದು ನನ್ನ ಮೊಣಕೈ ಹಿಡಿದು ಮುಂದಕ್ಕೆ ಕರೆದುಕೊಂಡು ಹೋದರು. "ಬಾ, ಮಣ್ಣಾಕು" ಅಂದರು. ಹಾಕಿದೆ. ಅಲ್ಲಿಯೂ ಅವರು ನನ್ನ ಕೈ ಬಿಡಲಿಲ್ಲ, ಮುಖವನ್ನೂ ನೋಡಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಹದಿನೈದು ದಿನ ಕುಣಿಗಲ್‌ಗೆ ಹೋಗಿದ್ದೆ, ನನ್ನ ತವರಿಗೆ. ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡಳು.

"ಎದ್ದು ಬಂದಿದ್ರೂ ಆಗೋದು ಆಗ್ತಿತ್ತು" ಅಂದಳು.

"ಅದು ಗೊತ್ತಿಲ್ಲಮ್ಮ."

"ಗೊತ್ತಿಲ್ಲ ಅಂದ್ಮೇಲೆ ನಿನ್ ತಲೆ ಮೇಲೆ ಯಾಕ್ ಹಾಕ್ಕೊತೀಯ? ಹತ್ತತ್ರ ಮೂರ್ ವರ್ಷ ಹೇಲು ಉಚ್ಚೆ ಬಾಚಿದೋಳು ನೀನು. ಯಾರ್ ಮಾಡ್ತಾರೆ? ಸಾಕ್ ಬುಡು. ಇನ್ನೊಬ್ರ ಹತ್ರ ಇದನ್ನ ಹೇಳ್ಬೇಡ. ನಿಮ್ ಅತ್ತಿಗೆ ಮುಂದಂತೂ ಬಾಯಿ ಬಿಡ್ಬೇಡ."

"ಅವ್ರಿಗೆ ಗೊತ್ತು."

ಅಮ್ಮನ ಕೈ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಸುಲಿಯತೊಡಗಿದಳು. ಆ ಹದಿನೈದು ದಿನದಲ್ಲಿ ಆ ಮಾತು ಮತ್ತೆ ಬರಲಿಲ್ಲ.

ಆ ಸಂದರ್ಶಕರನ್ನು ನಾನು ಮುಖತಃ ನೋಡಿದ್ದು ಕೆಲಸಕ್ಕೆ ಸೇರಿ ಏಳೆಂಟು ತಿಂಗಳಾದ ಮೇಲೆ. ಅವರು ಬೇರೆ ತಂಡದವರು. ಬೆಂಗಳೂರಿನ ಆಫೀಸಿನಲ್ಲಿ ಊಟದ ತಟ್ಟೆ ಹಿಡಿದು ಜಾಗ ಹುಡುಕುತ್ತಿದ್ದೆ. ಅವರೇ ಗುರುತು ಹಿಡಿದು ಬಂದರು. ಹಾಸನದ ಕಡೆಯವರಂತೆ. ಕೆಲಸ ಹೇಗಿದೆ, ತಂಡ ಹೇಗಿದೆ ಅಂತೆಲ್ಲ ಕೇಳಿದರು. ಅದನ್ನು ಕೇಳಲು ಬಂದವರಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ನಿಮ್ಮ ಯಜಮಾನ್ರು ಹೇಗಿದಾರೆ ಮೇಡಂ?"

"ತೀರ್ಕೊಂಡ್ರು."

"ಯಾವಾಗ? ಅವತ್ತು..."

"ಅವತ್ತಲ್ಲ" ಅಂದೆ. "ಆಮೇಲೆ, ನಾಲ್ಕು ತಿಂಗಳ ಮೇಲೆ. ಎದೆಗೆ ಕಫ ಕಟ್ಟಿತ್ತು."

"ನಾನು ಅವತ್ತು ಕಾಲ್ ಕಟ್ ಮಾಡ್ಬೇಕಿತ್ತೇನೋ ಅಂತ ಬಹಳ ಸಲ ಅನ್ನಿಸ್ತು. ಮನೆಗೆ ಹೋಗಿ ಹೆಂಡ್ತಿಗೂ ಹೇಳ್ದೆ. ಕೋಣೆ ತೋರಿಸಿ ಅಂತ ಕೇಳಿದ್ದೇ ಒಂದ್ ಥರ ಆಗಿತ್ತು ನಂಗೆ. ಅವ್ರು ಯಾವಾಗ್ಲೂ ಹಾಗೇ ಅಂತ ನೀವು ಅಂದ್ರಲ್ಲ, ಅದಕ್ಕೇ..."

ನನಗೆ ಎರಡು ದಾರಿಯಿತ್ತು, ಅವತ್ತೇ ಎರಡನೇ ಸಲ ಲಕ್ವ ಹೊಡೆದದ್ದನ್ನು ಹೇಳುವುದು, ಇಲ್ಲ ಬಿಡುವುದು. ಆ ಮನುಷ್ಯ ಒಳ್ಳೆಯವನು. ಅವತ್ತು ಆ ಕೋಣೆಯಲ್ಲಿ ನನ್ನ ಗಂಡನನ್ನು ನೋಡಿ, ನಿಲ್ಲಿಸೋಣ ಅಂದವನು ಅವನೊಬ್ಬನೇ.

"ನೀವು ಕೇಳಿದ್ರಿ ಸರ್, ನಾನು ಬೇಡ ಅಂದೆ. ನಿಮ್ಮದೇನೂ ಇಲ್ಲ" ಅಂದೆ.

ಅಷ್ಟು ನಿಜವೇ. ಅವರು ಉಸಿರು ಬಿಟ್ಟರು, ಏನಾದರೂ ಸಹಾಯ ಬೇಕಾದರೆ ಹೇಳಿ ಅಂದರು, ತಮ್ಮ ಗೆಳೆಯರ ಮೇಜಿಗೆ ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಅವರ ನಗು ಕೇಳಿಸಿತು. ಅವರ ಮೇಲೆ ಸಿಟ್ಟು ಬರಲಿಲ್ಲ. ತಟ್ಟೆಯಲ್ಲಿದ್ದ ಅನ್ನ ತಣ್ಣಗಾಗುವ ಮುಂಚೆ ತಿಂದು ಮುಗಿಸಿದೆ.

ಹೇಳಲು ಎಲ್ಲಕ್ಕಿಂತ ಕಷ್ಟವಾದದ್ದು ಒಂದು ಉಳಿದಿದೆ. ಈ ಕೆಲಸ ನನಗೆ ಇಷ್ಟ. ಬೆಳಗ್ಗೆ ಮೇಜಿನ ಮುಂದೆ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಕಷ್ಟದ ತೊಡಕೊಂದು ಬಿಡಿಸಿಕೊಂಡಾಗ ಮನಸ್ಸು ಹಗುರಾಗುತ್ತದೆ. ಆ ಹಗುರ ಅರ್ಧ ಗಂಟೆಯೂ ನಿಲ್ಲುವುದಿಲ್ಲ, ಆದರೆ ಬರುತ್ತದೆ. ಮೊನ್ನೆ ಮ್ಯಾನೇಜರು, ಹೊಸಬರನ್ನು ಸಂದರ್ಶನ ಮಾಡುವ ಪ್ಯಾನೆಲ್‌ಗೆ ನಿಮ್ಮ ಹೆಸರು ಸೇರಿಸಲೇ ಅಂತ ಕೇಳಿದರು. ಸದ್ಯಕ್ಕೆ ಬೇಡ ಅಂದೆ. ಕಾರಣ ಕೇಳಿದರು. ಕೆಲಸ ಜಾಸ್ತಿ ಇದೆ ಅಂದೆ. ಸರಿ, ಮುಂದಿನ ವರ್ಷ ನೋಡೋಣ ಅಂದರು.